ಕೀಲಿಮಣೆಯ ಮೇಲೆ ಚೆಲ್ಲದ ಕಾಫಿ

ಮನೆಯಿಂದ,
ಗುರುವಾರ, ಹನ್ನೆರಡನೆಯ ತಾರೀಕು

ಪ್ರೀತಿಯ ಯಜಮಾನರಿಗೆ ನಿಮ್ಮ ಟೀಚರಮ್ಮನ ನಮಸ್ಕಾರಗಳು.

ನಾನು ಕೀಲಿಮಣೆಯ ಮೇಲೆ ಕಾಫಿ ಚೆಲ್ಲಿಲ್ಲ. ಮೊದಲು ಕ್ಷೇಮಸಮಾಚಾರ, ಆಮೇಲೆ ಉಳಿದ ವಿಷಯ ಎಂದು ತರಗತಿ ತರಗತಿಗಳಿಗೆ ಪತ್ರಲೇಖನ ಕಲಿಸಿದವಳು ನಾನು. ಆ ಕ್ರಮವನ್ನು ಇಂದು ನಾನೇ ಮುರಿಯುತ್ತಿದ್ದೇನೆಂದರೆ ನನ್ನ ಮನಸ್ಸು ಎಷ್ಟು ಕುದಿಯುತ್ತಿರಬೇಕೆಂಬುದನ್ನು ನೀವೇ ಊಹಿಸಿಕೊಳ್ಳಿ. ಮೊನ್ನೆ ಸಂಜೆ ನಿಮ್ಮ ಮಗ ನಡುಮನೆಯಲ್ಲಿ ಕಾಲು ಚಾಚಿ ಕುಳಿತು, "ಅಪ್ಪಾ, ಅಮ್ಮ ಕೀಬೋರ್ಡ್ ಮೇಲೆ ಕಾಫಿ ಚೆಲ್ಲಿ ಅದನ್ನ ಮುಗಿಸಿಬಿಟ್ಟಿದ್ದಾಳೆ, ಈಗ ಊರವರ ಮೇಲೆಲ್ಲ ರೇಗ್ತಿದ್ದಾಳೆ" ಎಂದು ದೂರವಾಣಿಯಲ್ಲಿ ನಿಮಗೆ ವರದಿ ಒಪ್ಪಿಸುತ್ತಿದ್ದಾಗ ನಾನು ಅಡುಗೆಮನೆಯಲ್ಲೇ ಇದ್ದೆ. ದೂರವಾಣಿಯನ್ನು ಹಿಡಿದವನ ಕಿವಿಗಷ್ಟೇ ಅಲ್ಲದೆ ಇಡೀ ಮನೆಗೆ ಕೇಳಿಸುವಂತೆ ಇಟ್ಟುಕೊಳ್ಳುವುದು ಅವನ ಪದ್ಧತಿ. ಆದ್ದರಿಂದ ನೀವು ನಕ್ಕಿದ್ದು ನನಗೆ ಕೇಳಿಸಿತು. ನಕ್ಕ ಮೇಲೆ ನೀವು ಆಡಿದ ಮಾತೂ ಕೇಳಿಸಿತು. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ; ಬಾರದೆ ಬಿಡುವುದಿಲ್ಲ.

ಈಗ ಕ್ರಮಕ್ಕೆ ಮರಳುತ್ತೇನೆ. ನಿಮ್ಮ ಅಕ್ಕನವರ ಕಾಲಿನ ಪ್ಲಾಸ್ಟರ್ ತೆಗೆದರೇ? ಬಚ್ಚಲುಮನೆಯಲ್ಲಿ ಜಾರಿ ಬಿದ್ದವರು ಕಾಲು ನೆಟ್ಟಗಾದೊಡನೆ ಅದೇ ಬಚ್ಚಲುಮನೆಯನ್ನು ತಿಕ್ಕಲು ಹೋಗುವಂಥವರು. ಅವರ ಮೇಲೆ ಒಂದು ಕಣ್ಣಿರಲಿ. ಆರೈಕೆಗೆಂದು ಹೋದ ನೀವು ಅವರ ಮನೆಯ ಹಳೆಯ ವೈರುಗಳನ್ನೆಲ್ಲ ಕಿತ್ತು ಹೊಸದನ್ನು ಹಾಕಲು ಕೂತಿದ್ದೀರೆಂದು ತಿಳಿಯಿತು. ಏಣಿ ಹತ್ತಬೇಡಿ. ನಾನು ಹೇಳಿದರೂ ಹತ್ತುತ್ತೀರೆಂದು ಗೊತ್ತು. ಹತ್ತುವಾಗ ಕೆಳಗೆ ಹಿಡಿದುಕೊಳ್ಳಲು ಎರಡು ಕಾಲೂ ಸರಿಯಾಗಿರುವ ಒಬ್ಬರನ್ನು ನಿಲ್ಲಿಸಿಕೊಳ್ಳಿ, ಅಕ್ಕನವರನ್ನಲ್ಲ. ರಕ್ತದೊತ್ತಡದ ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೊಳ್ಳಿ, ನೆನಪಾದ ಮೇಲಲ್ಲ. ದೇಹದ ಮಟ್ಟಿಗೆ ನಾನು ಕ್ಷೇಮ. ಇದನ್ನೆಲ್ಲ ದೂರವಾಣಿಯಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳುವುದು ಹೇಗೆ? ಈ ತುದಿಯಲ್ಲಿ ನಿಮ್ಮ ಮಗ, ಆ ತುದಿಯಲ್ಲಿ ನಿಮ್ಮ ಅಕ್ಕ, ಇಬ್ಬರೂ ಮಾತನ್ನು ಮನೆಗೆಲ್ಲ ಹಂಚುವವರು. ನಡುವೆ ನಾನು ಗಂಡನೊಡನೆ ಜಗಳವಾಡಬೇಕಾದರೆ ಒಂದು ಸಭಾಂಗಣ ಬಾಡಿಗೆಗೆ ಹಿಡಿದಂತಾಗುತ್ತದೆ. ಕಾಗದವಾದರೆ ಒಬ್ಬರೇ ಓದುತ್ತೀರಿ. ನಡುವೆ ನಗುವುದಾದರೂ ಒಬ್ಬರೇ ನಗುತ್ತೀರಿ.

ಇನ್ನು ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ನೀವು ಭಾನುವಾರ ಬೆಳಗ್ಗೆ ಬಸ್ಸು ಹತ್ತಿದಿರಿ. ಶನಿವಾರ ಸಂಜೆಯವರೆಗೆ ಕೀಲಿಮಣೆ ಸುಸ್ಥಿತಿಯಲ್ಲಿತ್ತು. ಮುದ್ರಣಾಲಯದವರು ತಿದ್ದಲು ಕೊಟ್ಟ ಪಾಠಪುಸ್ತಕದ ಒಂದು ಅಧ್ಯಾಯವನ್ನು ಮುಗಿಸಿ ನಾನೇ ಮುಚ್ಚಿಟ್ಟಿದ್ದೆ. ಭಾನುವಾರ ನಾನು ಕೆಲಸ ಮುಟ್ಟುವುದಿಲ್ಲವೆಂಬುದು ನಿಮಗೆ ಗೊತ್ತು. ಸೋಮವಾರ ಬೆಳಗ್ಗೆ ಮೇಜಿನ ಮುಂದೆ ಕುಳಿತಾಗ ಹಾಜರಿದ್ದವರು ಇವರು: ನಾನು; ತನ್ನ ಹಲ್ಲಿನ ಕ್ಲಿನಿಕ್ಕಿಗೆ ಹೊರಡುವ ಅವಸರದಲ್ಲಿ ಒಂದು ಕಿವಿಯ ಓಲೆಯನ್ನು ಹುಡುಕುತ್ತಿದ್ದ ನಮ್ಮ ದಂತವೈದ್ಯೆ ಸೊಸೆ; ತಮ್ಮ ಅಂಗಡಿಯ ಹೊಸ ಬೋರ್ಡಿನ ಬರಹವನ್ನು ನನಗೆ ತೋರಿಸಲು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಕೆಳಮನೆಯ ಟೈಲರು. ಗೈರುಹಾಜರಾದವನು ನಿಮ್ಮ ಮಗ. ಅವನು ಆಗಲೇ ಕಚೇರಿಗೆ ಹೋಗಿಯಾಗಿತ್ತು. ಕಣ್ಣಿನಿಂದ ಕಂಡ ಮೂವರೂ ಬಾಯಿ ಮುಚ್ಚಿಕೊಂಡಿರುವಾಗ, ಕಾಣದ ಒಬ್ಬನೇ ಸಾಕ್ಷಿ ಹೇಳುತ್ತಿದ್ದಾನೆ. ವಿಮಾ ಕಂಪನಿಯಲ್ಲಿ ಅಪಘಾತಗಳ ಕಾರಣ ಹುಡುಕಿ ವರದಿ ಬರೆಯುವುದೇ ಇವನ ಕಸುಬು ಎಂಬುದನ್ನು ನೆನೆದರೆ, ಊರಲ್ಲಿ ಬೆಂಕಿ ಬಿದ್ದ ಅಂಗಡಿಗಳ ಮಾಲೀಕರ ಬಗ್ಗೆ ನನಗೆ ಮರುಕವಾಗುತ್ತದೆ.

ಆ ಬೆಳಗ್ಗೆ ನಾನು ಮಾಡಿದ ಮೊದಲ ಕೆಲಸ ನೀವು ಕಿತ್ತಿಟ್ಟುಹೋದ ಪ್ಲಗ್ಗುಗಳನ್ನು ಮರಳಿ ಚುಚ್ಚಿದ್ದು. ಟಿವಿ, ರೇಡಿಯೋ, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಕಂಪ್ಯೂಟರು, ಒಂದನ್ನೂ ಬಿಟ್ಟಿರಲಿಲ್ಲ. ಮನೆಯಲ್ಲಿ ಮೂರು ಜನ ಜೀವಂತವಾಗಿ ಉಳಿದುಕೊಳ್ಳುವವರಿದ್ದೆವು. ನೀವು ಮನೆಯನ್ನೇ ಮುಚ್ಚಿ ಬೀಗ ಹಾಕಿ ಹೋಗುವವರಂತೆ ಎಲ್ಲವನ್ನೂ ನಿರ್ಜೀವ ಮಾಡಿ ಬಸ್ಸು ಹತ್ತಿದಿರಿ. ಲೈನ್‌ಮನ್ ಆಗಿ ಕಂಬ ಹತ್ತುತ್ತ ಕೂದಲು ನರೆಸಿದವರ ಕೈ ಹೊರಡುವಾಗ ಸುಮ್ಮನಿರಲಾರದೆಂದು ನಾನು ಯಾವತ್ತೋ ಒಪ್ಪಿಕೊಂಡಿದ್ದೇನೆ. ಈಗ ಅದಕ್ಕೆ ಕೋಪವಿಲ್ಲ. ಎಲ್ಲ ಪ್ಲಗ್ಗುಗಳೂ ಸ್ವಸ್ಥಾನಕ್ಕೆ ಸೇರಿದವು. ಕಂಪ್ಯೂಟರಿನ ತೆರೆ ಬೆಳಗಿತು. ತಂತಿಯಿರುವ ಆ ಹಳೆಯ ಮೌಸಿನಿಂದ ನನ್ನ ಪುಟವನ್ನು ತೆರೆದೆ. ಎಡಗಡೆ ಸಣ್ಣ ಗೆರೆ ಮಿಣುಕುತ್ತ ನಿಂತಿತು. ಕೀಲಿ ಒತ್ತಿದೆ. ಅಕ್ಷರ ಬರಲಿಲ್ಲ. ಇನ್ನೊಂದನ್ನು ಒತ್ತಿದೆ. ಅದೂ ಇಲ್ಲ. ಹೋಂವರ್ಕ್ ಮಾಡಿಕೊಂಡು ಬಾರದ ಹುಡುಗ ಎಷ್ಟು ಪ್ರಶ್ನೆ ಕೇಳಿದರೂ ಪಿಳಿಪಿಳಿ ಕಣ್ಣು ಬಿಟ್ಟು ನಿಲ್ಲುತ್ತಾನಲ್ಲ, ಆ ಗೆರೆ ಹಾಗೆ ನಿಂತಿತ್ತು. ಗಮನಿಸಿ: ಆಗ ಮೇಜಿನ ಮೇಲೆ ಕಾಫಿ ಇರಲಿಲ್ಲ. ನೀರಿನ ಲೋಟವೂ ಇರಲಿಲ್ಲ. ಇದ್ದದ್ದು ನನ್ನ ಕನ್ನಡಕದ ಒರೆಸುಬಟ್ಟೆ, ಮತ್ತು ಟೈಲರ ಬೋರ್ಡಿನ ಕರಡು.

ಆಮೇಲೆ ಆರಂಭವಾದ ಚಿಕಿತ್ಸೆಗಳನ್ನು ಕೇಳಿ. ಟೈಲರು ತಮ್ಮ ಅನುಭವದ ಮೇಲೆ, "ಮೇಡಂ, ಮಿಷನ್ನು ಹಿಂಗೇ ಮುನಿಸ್ಕೊಳ್ಳುತ್ತೆ. ಎರಡು ತೊಟ್ಟು ಎಣ್ಣೆ ಬಿಟ್ಟು ನೋಡಿ" ಎಂದರು. ಬೇಡವೆಂದೆ. ಸೊಸೆ ಓಲೆಯ ಹುಡುಕಾಟವನ್ನು ಬಿಟ್ಟು ಬಂದು ಕೀಲಿಮಣೆಯನ್ನು ದೀಪದ ಕೆಳಗೆ ಹಿಡಿದು ಒಂದೊಂದೇ ಕೀಲಿಯನ್ನು ಬೆರಳಿನಿಂದ ತಟ್ಟುತ್ತ ಹೋದಳು. ಇನ್ನೇನು "ಇಲ್ಲಿ ನೋವಿದೆಯಾ" ಎಂದು ಕೇಳುತ್ತಾಳೆಂದುಕೊಂಡೆ. ತನ್ನ ಸಣ್ಣ ಬ್ರಷ್ಷಿನಿಂದ ಸಂದುಗಳನ್ನೆಲ್ಲ ತಿಕ್ಕಿದಳು. ನಿಮ್ಮ ಬಿಸ್ಕತ್ತಿನ ಪುಡಿ ಒಂದು ಚಮಚದಷ್ಟು ಉದುರಿತು. ನಾನು ಸ್ನಾನಕ್ಕೆ ಹೋದಾಗ ನನ್ನ ಕುರ್ಚಿಯಲ್ಲಿ ಕುಳಿತು ಕ್ರಿಕೆಟ್ಟು ನೋಡುವವರು ಯಾರೆಂಬುದು ಹೀಗೆ ಅನಾಯಾಸವಾಗಿ ತಿಳಿಯಿತು. ತಂತಿಯಿಲ್ಲದ ಕೀಲಿಮಣೆಯಲ್ಲವೇ, ಅದರ ಬ್ಯಾಟರಿ ಬದಲಾಯಿಸಿದೆವು. ಕಂಪ್ಯೂಟರನ್ನು ಆರಿಸಿ, ನಿಧಾನಿಸಿ, ಮತ್ತೆ ಹೊತ್ತಿಸಿದೆವು. ಅಂಗೈಯಲ್ಲಿ ಒಮ್ಮೆ ಮೆಲ್ಲಗೆ ತಟ್ಟಿದ್ದು ನಿಜ. ಅದನ್ನು ಹೊಡೆತವೆನ್ನಲಾಗದು, ಸೊಸೆಯನ್ನು ಕೇಳಿ. ಕೊನೆಗೆ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದೆ. ಅಲ್ಲಿ ಮನುಷ್ಯರಿಲ್ಲ. ನುಡಿಯನ್ನು ಕಲ್ಲಿನ ಮೇಲೆ ಉಜ್ಜಿದಂತೆ ಮಾತನಾಡುವ ಒಂದು ದನಿ ಇದೆ. ಅದು ಕೊಟ್ಟ ವಿಳಾಸವನ್ನು ಸೊಸೆ ತನ್ನ ಫೋನಿನಲ್ಲಿ ನೋಡಿಕೊಂಡು ಕಂಪ್ಯೂಟರಿನಲ್ಲಿ ಹೇಗೋ ಮೌಸಿನಿಂದಲೇ ಸಹಾಯದ ಪುಟವನ್ನು ತೆರೆದಳು. "ನಿಮ್ಮ ಕೀಬೋರ್ಡ್ ಕೆಲಸ ಮಾಡುತ್ತಿಲ್ಲವೇ? ತೊಂದರೆಯನ್ನು ಕೆಳಗಿನ ಚೌಕದಲ್ಲಿ ಟೈಪ್ ಮಾಡಿ" ಎಂದಿತ್ತು. ಹಾಜರಿ ಕರೆಯುವಾಗ "ಬಾರದವರೆಲ್ಲ ಕೈಯೆತ್ತಿ" ಎಂದ ಮೇಷ್ಟ್ರನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಈಗ ಕಾಫಿಯ ವಿಷಯ. ಕಾಫಿ ಇತ್ತು, ನಾನು ಸುಳ್ಳು ಹೇಳುವುದಿಲ್ಲ. ಅದು ಬಂದದ್ದು ಸೋಮವಾರ ಸಂಜೆ, ನಿಮ್ಮ ಮಗನ ಜೊತೆಯಲ್ಲಿ, ನಿಮ್ಮ ಮಗನ ಕೈಯಲ್ಲಿ. "ಏನಮ್ಮಾ, ಏನು ಮಾಡಿದೆ ಇದಕ್ಕೆ?" ಎಂದು ಕೇಳುತ್ತಲೇ ಕುಳಿತ. ನೋಡಿ, "ಏನಾಯಿತು" ಎಂದಲ್ಲ, "ಏನು ಮಾಡಿದೆ" ಎಂದು. ತನಿಖೆ ಶುರುವಾಗುವ ಮೊದಲೇ ಅಪರಾಧಿ ಸಿಕ್ಕಿದ್ದಳು. ಕೀಲಿಮಣೆಯನ್ನು ಬೋರಲು ಹಾಕಿ ನೋಡುವ ಭರದಲ್ಲಿ ಅವನ ಮೊಣಕೈ ತಗುಲಿ ಕಾಫಿ ಉರುಳಿತು. ಮೇಜುಬಟ್ಟೆಯ ಅಂಚಿನಿಂದ ಇಳಿದು ಅವನ ಪ್ಯಾಂಟಿನ ಮೇಲೆ ಹರಿಯಿತು. ಕೀಲಿಮಣೆಗೆ ಹನಿಯೂ ತಾಗಲಿಲ್ಲ, ಏಕೆಂದರೆ ಅದು ಅವನ ಇನ್ನೊಂದು ಕೈಯಲ್ಲಿ ಮೇಲೆ ಇತ್ತು. ಮೇಜುಬಟ್ಟೆಯನ್ನು ನಾನು ಒಗೆದಿಲ್ಲ. ಮಡಿಸಿ ಕಪಾಟಿನಲ್ಲಿಟ್ಟಿದ್ದೇನೆ, ಕಲೆ ಎಲ್ಲಿದೆ, ಕೀಲಿಮಣೆಯ ಸ್ಥಾನ ಎಲ್ಲಿ ಎಂಬುದನ್ನು ಯಾರು ಬೇಕಾದರೂ ಬಂದು ನೋಡಬಹುದು. ಬೆಳಗ್ಗೆ ಸತ್ತದ್ದನ್ನು ಸಂಜೆ ಚೆಲ್ಲಿದ ಕಾಫಿ ಕೊಲ್ಲುವುದು ಹೇಗೆ? ಕಾರಣವು ಕಾರ್ಯಕ್ಕಿಂತ ಮೊದಲು ಬರಬೇಕೆಂಬುದು ನಾಲ್ಕನೆಯ ತರಗತಿಯ ಮಕ್ಕಳಿಗೂ ತಿಳಿಯುತ್ತದೆ. ಮರುದಿನ ನಿಮಗೆ ಫೋನು ಮಾಡುವ ಹೊತ್ತಿಗೆ ಅವನ ಲೆಕ್ಕದಲ್ಲಿ ಸಂಜೆ ಬೆಳಗಾಗಿತ್ತು, ಅವನ ಮೊಣಕೈ ನನ್ನದಾಗಿತ್ತು. ಬೇಕೆಂದೇ ಹೇಳಿದ ಸುಳ್ಳು ಎನ್ನಲಾರೆ. ಅವನೂ ಅದನ್ನು ನಂಬಿಬಿಟ್ಟಿದ್ದಾನೆ. ವಯಸ್ಸಾದವರ ಪಕ್ಕದಲ್ಲಿ ಏನು ಕೆಟ್ಟರೂ ವಯಸ್ಸಾದವರಿಂದಲೇ ಕೆಟ್ಟದ್ದು ಎಂಬುದು ಅವನ ಪೀಳಿಗೆಯ ನಂಬಿಕೆ. ಸೊಸೆ ಆಮೇಲೆ ಅಡುಗೆಮನೆಗೆ ಬಂದು, "ಅತ್ತೆ, ಚೆಲ್ಲಿದ್ದು ಅವರೇ ಅಂತ ನಂಗೊತ್ತು. ಆದ್ರೆ ಈಗ ಹೇಳೋಕೆ ಹೋದ್ರೆ ರಾತ್ರಿಯೆಲ್ಲ ವಾದ ಮಾಡ್ತಾರೆ, ನಾಳೆ ನಂಗೆ ಮೂರು ದವಡೆಹಲ್ಲು ಕೀಳೋದಿದೆ" ಎಂದಳು. ಒಳ್ಳೆಯ ಹುಡುಗಿ. ಹಲ್ಲು ಕೀಳುವ ಧೈರ್ಯವಿದೆ, ಗಂಡನ ಮಾತಿಗೆ ಎದುರಾಡುವ ಪುರಸೊತ್ತಿಲ್ಲ.

ನನ್ನನ್ನು ನೋಯಿಸಿದ್ದು ಮಗನಲ್ಲ. ನೀವು. ನಕ್ಕ ಮೇಲೆ ನೀವು ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಬರೆಯಬಲ್ಲೆ: "ಹೋಗ್ಲಿ ಬಿಡೋ. ಅವಳಿಗೂ ಸಾಕಾಗಿದೆ. ಆ ಪ್ರೆಸ್ಸಿನವರಿಗೆ ನೀನೇ ಒಂದು ಮಾತು ಹೇಳಿಬಿಡು, ಇನ್ಮೇಲೆ ಅವಳ ಕೈಲಿ ಆಗಲ್ಲ ಅಂತ." ನನಗೆ ಸಾಕಾಗಿದೆಯೆಂದು ನಿಮಗೆ ಹೇಳಿದವರು ಯಾರು? ಆಗುವುದಿಲ್ಲವೆಂದು ನಾನು ಯಾವತ್ತು ಹೇಳಿದೆ? ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ನೀವು ಊಟಕ್ಕೆ ಬಂದಿದ್ದು ನೆನಪಿದೆಯೇ? ಎರಡನೆಯ ಸಲ ಅನ್ನ ಬಡಿಸುತ್ತಿದ್ದೆ. ನಿಮ್ಮ ಜೊತೆಗಾರ ಓಡಿಬಂದು, ಬೀದಿಗೆಲ್ಲ ಕರೆಂಟಿಲ್ಲ, ಕೆಲಸ ಮುಗಿದಿದೆ, ಫ್ಯೂಸು ಕೊಡಿ ಹಾಕುತ್ತೇನೆ ಎಂದ. ನಿಮ್ಮ ಅಂಗಿಯ ಎಡಜೇಬಿನಲ್ಲಿ ಬಿಳಿಯ ಪಿಂಗಾಣಿಯ ಫ್ಯೂಸು ಇತ್ತು. ನಾನು ಅದುವರೆಗೆ ಅದನ್ನು ಸುಣ್ಣದ ಡಬ್ಬಿಯೆಂದುಕೊಂಡಿದ್ದೆ. ನೀವು ಕೊಡಲಿಲ್ಲ. ಎಂಜಲು ಕೈಯನ್ನು ತೊಳೆದು, ಅನ್ನವನ್ನು ಹಾಗೆಯೇ ಬಿಟ್ಟು, ನೀವೇ ಎದ್ದು ಹೋದಿರಿ. ಹೊಸ ಹೆಂಡತಿಯಾದ ನನಗೆ ಅಳು ಬಂದಿತ್ತು. ಸಂಜೆ ಬಂದು ವಿವರಿಸಿದಿರಿ: ಫ್ಯೂಸು ತೆಗೆದವನೇ ಅದನ್ನು ಜೇಬಿನಲ್ಲಿಟ್ಟುಕೊಂಡಿರಬೇಕು, ತೆಗೆದವನೇ ಬಂದು ಹಾಕಬೇಕು, ಇನ್ನೊಬ್ಬರ ಕೈಯಲ್ಲಿ ಕಳಿಸುವ ಹಾಗಿಲ್ಲ, ಹಾಕುವ ಮೊದಲು ಕಂಬದ ಕೆಳಗೆ ನಿಂತು "ಮೇಲೆ ಯಾರಾದ್ರೂ ಇದ್ದೀರಾ" ಎಂದು ಕೂಗಿ, ಉತ್ತರಕ್ಕೆ ಕಾದು, ಆಮೇಲೂ ಸ್ವಂತ ಕಣ್ಣಿನಿಂದ ನೋಡಬೇಕು. "ಇನ್ನೊಬ್ಬನ ಮಾತು ನಂಬಿ ಹಾಕಿದ್ರೆ ಒಂದು ಜೀವ ಹೋಗುತ್ತೆ ಕಣೇ" ಎಂದಿರಿ. ಆ ದಿನ ನಿಮ್ಮ ಮೇಲೆ ಹುಟ್ಟಿದ ಗೌರವವನ್ನು ನಾನು ಈವರೆಗೆ ಬಾಯಿಬಿಟ್ಟು ಹೇಳಿಲ್ಲ. ಹೇಳಿದ್ದರೆ ಇಂದು ಕೋಪಮಾಡಿಕೊಳ್ಳುವುದು ಕಷ್ಟವಾಗುತ್ತಿತ್ತು. ಅಂಥ ನೀವು, ಜೀವನಪೂರ್ತಿ ಇನ್ನೊಬ್ಬರ ಬಾಯಿಮಾತನ್ನು ನಂಬದ ನೀವು, ಮಗನ ಬಾಯಿಮಾತನ್ನು ನಂಬಿ ನನ್ನ ಕೆಲಸದ ಫ್ಯೂಸು ಕಿತ್ತುಬಿಟ್ಟಿರಿ. ಮೇಲೆ ಯಾರಾದರೂ ಇದ್ದೀರಾ ಎಂದು ಒಮ್ಮೆ ಕೂಗಿದಿರಾ? ನಾನಿದ್ದೆ.

ಇದರ ಫಲವಾಗಿ ಬುಧವಾರ ಬೆಳಗ್ಗೆ, ಅಂದರೆ ನಿನ್ನೆ, ಮುದ್ರಣಾಲಯದ ಮಾಲೀಕರು ನನಗೆ ಕರೆ ಮಾಡಿದರು. ಆಸ್ಪತ್ರೆಯಲ್ಲಿ ರೋಗಿಯ ಹಾಸಿಗೆಯ ಪಕ್ಕ ಮಾತನಾಡುವ ದನಿ. "ಮೇಡಂ, ನಿಮ್ಮ ಮಗ ಎಲ್ಲಾ ಹೇಳಿದ್ರು. ನೀವು ರೆಸ್ಟ್ ತಗೊಳ್ಳಿ. ಉಳಿದಿದ್ದನ್ನ ನಮ್ಮ ಹುಡುಗಿ ಕೈಲಿ ಮುಗಿಸ್ತೀನಿ, ಈಗೆಲ್ಲ ಮಿಷನ್ನೇ ತಪ್ಪು ಹುಡುಕುತ್ತೆ." ಆ ಪುಸ್ತಕ ಯಾವುದೆಂದು ನಿಮಗೆ ಗೊತ್ತು: ಮೂರನೆಯ ತರಗತಿಯ ಪಾಠಪುಸ್ತಕ. ಅರ್ಧ ತಿದ್ದಿದ್ದೇನೆ, ಅರ್ಧ ಉಳಿದಿದೆ. ಕಳೆದ ವಾರ ಒಂದು ಪಾಠದಲ್ಲಿ ಸಾಲುಗಳು ಸ್ಥಳ ಬದಲಾಯಿಸಿಕೊಂಡು ಹಸು ಮೊಟ್ಟೆಯಿಟ್ಟಿತ್ತು, ಕೋಳಿ ಹುಲ್ಲು ಮೇಯುತ್ತ ಹಾಲು ಕೊಡುತ್ತಿತ್ತು. ಒಂದೊಂದು ಪದವೂ ಸರಿಯಾಗಿಯೇ ಇತ್ತು; ಮಿಷನ್ನು ಅದನ್ನು ಓದಿ ತಲೆದೂಗುತ್ತಿತ್ತು. ತರಗತಿಯಲ್ಲಿ ನಾನು ತಪ್ಪು ಹೇಳಿಕೊಟ್ಟರೆ ಒಂದು ಕೋಣೆಯ ಮಕ್ಕಳು ತಪ್ಪು ಕಲಿಯುತ್ತಾರೆ. ಪುಸ್ತಕ ತಪ್ಪು ಹೇಳಿಕೊಟ್ಟರೆ ಅದನ್ನು ತಿದ್ದಲು ಹೋದ ಟೀಚರನ್ನೇ ಮಕ್ಕಳು ನಂಬುವುದಿಲ್ಲ. ನಿವೃತ್ತಿಯಾದ ದಿನ ಹಾರ ಹಾಕಿ, ಗಡಿಯಾರ ಕೊಟ್ಟು ಕಳಿಸಿದರು. ಆ ಗಡಿಯಾರ ನೋಡುತ್ತ ಕೂರಲು ನಾನು ಒಪ್ಪಲಿಲ್ಲ. ಈ ಕೆಲಸವೊಂದೇ ನನ್ನನ್ನು ಬೆಳಗ್ಗೆ ಮೇಜಿನ ಮುಂದೆ ಕೂರಿಸುವುದು. ಇದು ಹೋದರೆ ನಾನು ನಿಮ್ಮ ಮಗನ ವರದಿಯಲ್ಲಿರುವ, ಕಾಫಿ ಚೆಲ್ಲುವ ಮುದುಕಿಯೇ ಆಗಿಬಿಡುತ್ತೇನೆ.

ಆದ್ದರಿಂದ ಸೀರೆ ಬದಲಾಯಿಸಿಕೊಂಡು ಮುದ್ರಣಾಲಯಕ್ಕೇ ಹೋದೆ. ಕಾಗದ ಕತ್ತರಿಸುವ ಯಂತ್ರದ ಸದ್ದಿನಲ್ಲಿ ಮಾಲೀಕರು ಮೊದಲು ನನ್ನ ಮಾತು ಕೇಳಿಸದವರಂತೆ ನಟಿಸಿದರು. ಹಿಂದಿನ ಬೆಂಚಿನವರೆಗೂ ತಲುಪುವ ನನ್ನ ದನಿ ಈಗಲೂ ಉಳಿದಿದೆಯೆಂದು ತಿಳಿದ ಮೇಲೆ ಯಂತ್ರವನ್ನೇ ನಿಲ್ಲಿಸಿದರು. ಅಂಟಿನ ವಾಸನೆಯ ಆ ಕೋಣೆಯಲ್ಲಿ ಸ್ಟೂಲಿನ ಮೇಲೆ ಕುಳಿತು, ಹುಡುಗಿ ಮುಗಿಸಿದ್ದ ಎರಡು ಪುಟಗಳನ್ನು ಅವರ ಮುಂದೆಯೇ ಓದಿದೆ. ಅಲ್ಲಿ ಸೂರ್ಯ ಬೆಳಗ್ಗೆ ಮುಳುಗಿದ್ದ. ಮಾಲೀಕರು ತಲೆ ಕೆರೆದುಕೊಂಡು, "ಸರಿ ಮೇಡಂ, ಮುಂದಿನ ಬುಧವಾರದವರೆಗೆ ಕಾಯ್ತೀನಿ. ಆದ್ರೆ ಕಂಪ್ಯೂಟರಲ್ಲೇ ತಿದ್ದಿ ಕಳಿಸ್ಬೇಕು. ಕೆಂಪು ಶಾಯಿ ಗುರುತುಗಳನ್ನ ಓದೋರು ನಮ್ಮಲ್ಲಿ ಈಗ ಯಾರೂ ಇಲ್ಲ. ಅದರಾಚೆಗೆ ಕೇಳ್ಬೇಡಿ" ಎಂದರು. ನಿನ್ನೆ ಸಂಜೆ, ಸೊಸೆ ತೋರಿಸಿದಂತೆ, ತೆರೆಯ ಮೇಲೆ ಮೂಡುವ ಚಿತ್ರದ ಕೀಲಿಗಳನ್ನು ಮೌಸಿನಿಂದ ಒಂದೊಂದಾಗಿ ಒತ್ತಿ ತಿದ್ದಲು ಕುಳಿತೆ. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಅಕ್ಷರ ಆರಿಸುವುದು. ಒಂದು ಪುಟ ಮುಗಿಯುವಷ್ಟರಲ್ಲಿ ಮಣಿಕಟ್ಟು ಊದಿಕೊಂಡಿತು. ಇದೇ ಗತಿಯಲ್ಲಿ ಹೋದರೆ ಆ ಮಕ್ಕಳು ನಾಲ್ಕನೆಯ ತರಗತಿಗೆ ಹೋದ ಮೇಲೆ ಪುಸ್ತಕ ಮುಗಿಯುತ್ತದೆ.

ಹೊಸ ಕೀಲಿಮಣೆ ಕೊಂಡುಬಿಡಬಾರದೇ ಎಂದು ನೀವು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಮಗನೂ ಅದನ್ನೇ ಅಂದ, ದೊಡ್ಡ ಮನಸ್ಸು ಮಾಡಿದವನಂತೆ: "ಆಗಿದ್ದಾಯ್ತು ಬಿಡಮ್ಮ, ಹೊಸದು ತಂದುಕೊಡ್ತೀನಿ, ಇನ್ಮೇಲೆ ಹುಷಾರಾಗಿರು." ಈ "ಇನ್ಮೇಲೆ ಹುಷಾರಾಗಿರು" ಎಂಬುದಕ್ಕಾಗಿಯೇ ನಾನು ಬೇಡವೆಂದೆ. ಹೊಸದನ್ನು ಮುಟ್ಟಿದ ಕ್ಷಣವೇ ಹಳೆಯದನ್ನು ಕೆಡಿಸಿದವಳು ನಾನೆಂದು ಸಹಿ ಹಾಕಿದಂತೆ. ಸಾವಿನ ಕಾರಣ ತಿಳಿಯದೆ ನಾನು ಹೆಣ ಎತ್ತಲು ಬಿಡುವುದಿಲ್ಲ. ಇವತ್ತು ಊಟವಾದ ಮೇಲೆ ಇದನ್ನು ಪೇಟೆಯ ರಿಪೇರಿ ಅಂಗಡಿಗೆ ನಾನೇ ಒಯ್ಯುತ್ತೇನೆ. ದಾರಿಯಲ್ಲೇ ಅಂಚೆಕಚೇರಿ, ಈ ಕಾಗದವನ್ನೂ ಹಾಕಿಬರುತ್ತೇನೆ. ಒಳಗೆ ಕಾಫಿಯ ಕಲೆ ಇದೆಯೋ ಇಲ್ಲವೋ ಎಂದು ಬಿಚ್ಚಿ ನೋಡಿ, ಅಂಗಡಿಯವನು ಕಾಗದದ ಮೇಲೆ ಬರೆದುಕೊಡಬೇಕು. ಅದನ್ನು ಊಟದ ಮೇಜಿನ ಮೇಲೆ, ನಿಮ್ಮ ಮಗನ ತಟ್ಟೆಯ ಪಕ್ಕದಲ್ಲಿ ಇಡುತ್ತೇನೆ.

ನಿಮ್ಮಿಂದ ನನಗೆ ಬೇಕಾದದ್ದು ಇಷ್ಟೇ. ಮುದ್ರಣಾಲಯಕ್ಕೆ ನೀವೇ ಕರೆ ಮಾಡಿ, "ಅವಳ ಕೈಯಲ್ಲಿ ಆಗುವುದಿಲ್ಲವೆಂದು ನಾನು ಹೇಳಿಸಿದ್ದು ತಪ್ಪು, ಆಗುತ್ತದೆ" ಎಂದು ಹೇಳಬೇಕು. ಮಗನ ಮೂಲಕ ಅಲ್ಲ. ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಕಾಲು ಊರುವ ದಿನ ನನಗೂ ಒಂದು ಮಾತು ತಿಳಿಸಿ, ಸಂತೋಷಪಡುತ್ತೇನೆ. ನಿಮ್ಮ ಉಣ್ಣೆಯ ಟೋಪಿ ಇಲ್ಲೇ ಉಳಿದಿದೆ, ತಲೆಗೆ ಗಾಳಿ ಹೊಡೆಸಿಕೊಳ್ಳಬೇಡಿ. ಕೋಪದಲ್ಲಿ ಬರೆದ ಕಾಗದವೆಂದು ಸುಕ್ಕು ಮಾಡಿ ಜೇಬಿಗೆ ತುರುಕದೆ, ಮಡಿಸಿ ಇಟ್ಟುಕೊಳ್ಳಿ.

ಕಾಫಿ ಚೆಲ್ಲದ,
ನಿಮ್ಮ ಟೀಚರಮ್ಮ

ಮರೆತ ಮಾತು: ಇದನ್ನು ಅಂಚೆಕಚೇರಿಯ ಕಟ್ಟೆಯ ಮೇಲೆ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಮನ್ನಿಸಿ. ಅಂಗಡಿಗೆ ಹೋಗಿದ್ದೆ. ಆ ಹುಡುಗ ಕೀಲಿಮಣೆಯನ್ನು ಬಿಚ್ಚಲೇ ಇಲ್ಲ. ನಾನು ಕಿವುಡಿಯೆಂಬಂತೆ ಕೂಗಿ, "ಆಂಟೀ, ಇದರ ರಿಸೀವರ್ ಎಲ್ಲಿ? ಉಗುರಿನಷ್ಟು ಇರುತ್ತೆ, ಕಂಪ್ಯೂಟರಿಗೆ ಚುಚ್ಚಿರ್ತಾರೆ. ಅದಿಲ್ದಿದ್ರೆ ಇದು ಬರೀ ಹಲಗೆ" ಎಂದ. ಮನೆಗೆ ವಾಪಸು ಹೋಗಿ, ಮೇಜಿನ ಕೆಳಗೆ ಬಗ್ಗಿ, ಕಂಪ್ಯೂಟರಿನ ಹಿಂಭಾಗಕ್ಕೆ ಟಾರ್ಚು ಹಿಡಿದೆ. ಸುತ್ತೆಲ್ಲ ಧೂಳು; ಒಂದು ತೂತಿನ ಬಾಯಿ ಮಾತ್ರ ಖಾಲಿ, ಅದರ ಸುತ್ತ ಉಗುರಿನಷ್ಟು ಜಾಗ ಹೊಸದರಂತೆ ಹೊಳೆಯುತ್ತಿದೆ. ಅಪಘಾತದ ತನಿಖೆಗಾರ ಅಲ್ಲಿಗೆ ಬಗ್ಗಿ ನೋಡಿರಲಿಲ್ಲ. ನಾನು ಅಲ್ಲಿಯೇ ನೆಲದ ಮೇಲೆ ಕುಳಿತು, ಪ್ಲಗ್ಗು ಕೀಳುತ್ತ ಓಡಾಡಿದ ನಿಮ್ಮ ಭಾನುವಾರದ ಬೆಳಗನ್ನು ನೆನೆದೆ. ನನ್ನಲ್ಲಿ ಸಾಕ್ಷ್ಯವಿಲ್ಲ, ಆದ್ದರಿಂದ ಆರೋಪಿಸುವುದಿಲ್ಲ, ಕೇಳುತ್ತಿದ್ದೇನೆ ಅಷ್ಟೇ: ನೀವು ಹೊರಟಾಗ ತೊಟ್ಟಿದ್ದ ಆ ಕಂದು ಅಂಗಿಯ ಎಡಜೇಬಿಗೆ ಕೈ ಹಾಕಿ ನೋಡಿ. ಒಗೆಯಲು ಹಾಕಿದ್ದರೆ ಈಗಲೇ ಓಡಿ. ಸಿಕ್ಕಿದರೆ ಕೊರಿಯರಿನಲ್ಲಿ ಕಳಿಸುವ ಹಾಗಿಲ್ಲ, ಯಾರ ಕೈಯಲ್ಲೂ ಕೊಡುವ ಹಾಗಿಲ್ಲ. ತೆಗೆದವರೇ ಬಂದು ಹಾಕಬೇಕು, ನಿಯಮ ನಿಮ್ಮದೇ. ಭಾನುವಾರ ಬೆಳಗಿನ ಬಸ್ಸು ಹಿಡಿಯಿರಿ. ಹೊರಡುವಾಗ ಅಕ್ಕನವರ ಪ್ಲಗ್ಗುಗಳನ್ನು ಮುಟ್ಟಬೇಡಿ, ಅವರು ಮನೆಯೊಳಗಿರುತ್ತಾರೆ. ಮಗನಿಗೆ ನಾನು ಇನ್ನೂ ಏನೂ ಹೇಳಿಲ್ಲ; ನೀವು ಬಂದು ನಿಮ್ಮ ಬಾಯಿಂದಲೇ ಹೇಳುವವರೆಗೆ ಕಾಫಿ ಚೆಲ್ಲಿದ ಹೆಸರನ್ನು ನಾನೇ ಹೊತ್ತಿರುತ್ತೇನೆ. ಕೂಗಿ ಕೇಳಬೇಕಾಗಿಲ್ಲ, ಈಗಲೇ ಉತ್ತರ ಕೊಡುತ್ತಿದ್ದೇನೆ: ಕಂಬದ ಮೇಲೆ ಯಾರೂ ಇಲ್ಲ. ನಾನು ಕೆಳಗೆ, ಮೇಜಿನ ಮುಂದೆ ಕುಳಿತಿರುತ್ತೇನೆ. ಬಂದು ಕರೆಂಟು ಕೊಡಿ.